ಮೂರರ ಮೇಲಿನ ಅರಿಶಿನ

ನನ್ನ ಬಾಯಿ ಜೋರು. ಎಂಟನೇ ತರಗತಿಯ ಮಕ್ಕಳನ್ನು ಕೇಳಿ ನೋಡಿ, ಕಲಾವತಿ ಮಿಸ್ ಗಣಿತಕ್ಕಿಂತ ಬೈಯುವುದರಲ್ಲೇ ಎತ್ತಿದ ಕೈ ಎನ್ನುತ್ತಾರೆ. ಆದರೆ ಶಿಲ್ಪಳ ಮುಂದೆ ನನ್ನ ಬೈಗುಳವೂ ಸೋತಿತ್ತು. ಸಂಖ್ಯಾರೇಖೆಯ ಮೇಲೆ ಖಾಲಿ ವೃತ್ತ ಯಾವಾಗ, ತುಂಬಿದ ವೃತ್ತ ಯಾವಾಗ ಎಂದು ಕೇಳಿದರೆ ತಲೆ ತಗ್ಗಿಸಿ, “ನಂಗೆ ಗಣಿತ ಬರಲ್ಲ ಮಿಸ್” ಎನ್ನುವಳು. ಅದನ್ನು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು, ಪಾಪ ಅಂತಲೂ ಅನಿಸುತ್ತಿತ್ತು. ಆ ಮಾತು ಬಿಡಿಸಲೇಬೇಕೆಂದು, ಜಕ್ಕೂರಿನ ನಮ್ಮ ಶಾಲೆಯ ಗಣಿತ ಮೇಳದಲ್ಲಿ ಅತಿಥಿಗಳಿಗೆ ವಿವರಿಸುವ ಕೆಲಸವನ್ನು ಹಟ ಹಿಡಿದು ಅವಳಿಗೇ ಕೊಟ್ಟೆ.

ಶಾಲೆಯ ಅಂಗಳದಲ್ಲಿ ಸಂಖ್ಯಾರೇಖೆ ಬಿಡಿಸಲು ಅವಳ ಅಜ್ಜಿ ಗಂಗರತ್ನಮ್ಮ ಬಂದರು. ಹಳೇ ಊರಿನಲ್ಲಿ ಯಾರ ಮನೆಯ ಮದುವೆಗಾದರೂ ರಂಗೋಲಿ ಅವರದೇ. ಪಕ್ಕದ ಹಲಗೆಯ ಮೇಲೆ ನಾನು x + 2 > 5 ಎಂದು ಬರೆದೆ. ಅಂದರೆ x ಮೂರಕ್ಕಿಂತ ದೊಡ್ಡದು. ಮೂರು ಲೆಕ್ಕಕ್ಕೆ ಸೇರುವುದಿಲ್ಲ, ಹಾಗಾಗಿ ಅದರ ಮೇಲೆ ಖಾಲಿ ವೃತ್ತ, ಅಲ್ಲಿಂದ ಬಲಕ್ಕೆ ಕೆಂಪು ಗೆರೆ.

ಅತಿಥಿಗಳನ್ನು ಕರೆತರಲು ಗೇಟಿಗೆ ಹೋಗಿ ಬರುವಷ್ಟರಲ್ಲಿ ಅಜ್ಜಿ ಆ ವೃತ್ತಕ್ಕೆ ಅರಿಶಿನ ತುಂಬಿಬಿಟ್ಟಿದ್ದರು!

“ಅಯ್ಯೋ ಅಜ್ಜಿ, ಏನ್ ಮಾಡಿದ್ರಿ!”

“ಇನ್ನೇನಮ್ಮಾ, ಎಲ್ಲಾ ಬಿಡಿಸಿ ಅದೊಂದನ್ನ ಅಂಗೇ ಬೋಳಾಗಿ ಬಿಡಕ್ಕಾಯ್ತದಾ?”

ನನ್ನ ಪಿತ್ತ ನೆತ್ತಿಗೇರಿತು. ಶಿಕ್ಷಣ ಇಲಾಖೆಯ ರಮಾ ಮೇಡಂ ಬೇರೆ ಆಗಲೇ ಎದುರಿಗೆ ಬಂದು ನಿಂತಿದ್ದಾರೆ. ಮುಗೀತು, ಈ ಹುಡುಗಿ ಅತ್ತು ಓಡಿಹೋಗುತ್ತಾಳೆ, ಇನ್ನು ಗಣಿತದ ಹತ್ತಿರ ಸುಳಿಯುವುದಿಲ್ಲ ಅಂದುಕೊಂಡೆ.

“ಅಜ್ಜೀನ ಬೈಬೇಡಿ ಮಿಸ್,” ಎಂದ ಶಿಲ್ಪ ಚಾಕ್ ತೆಗೆದುಕೊಂಡು, ಹಲಗೆಯ ಮೇಲಿನ > ಚಿಹ್ನೆಯ ಕೆಳಗೆ ಚಿಕ್ಕದೊಂದು ಗೆರೆ ಎಳೆದಳು. “ಈಗ ಐದಕ್ಕಿಂತ ಜಾಸ್ತಿ ಬಂದ್ರೂ ಸರಿ, ಐದೇ ಬಂದ್ರೂ ಸರಿ. ಮೂರಕ್ಕೆ ಎರಡು ಕೂಡಿದ್ರೆ ಐದು. ಮೂರೂ ಸೇರ್ಕೊಳ್ತು. ಅದಕ್ಕೇ ತುಂಬಿದ ವೃತ್ತ.”

ನಾನು ಹಲಗೆಯನ್ನೂ ರಂಗೋಲಿಯನ್ನೂ ತಾಳೆ ಹಾಕಿ ನೋಡಿದೆ. ಸರಿಯಾಗೇ ಇತ್ತು.

“ಆ ಗೆರೆ ಅಳಿಸಿಬಿಟ್ರೆ?” ರಮಾ ಮೇಡಂ ಅಷ್ಟಕ್ಕೇ ಬಿಡಲಿಲ್ಲ.

ಶಿಲ್ಪ ಗೆರೆ ಒರೆಸಿದಳು. ಆಮೇಲೆ ಬಗ್ಗಿ, ವೃತ್ತದೊಳಗಿನ ಅರಿಶಿನವನ್ನು ಬೆರಳಿನಿಂದ ಬಳಿದು ತೆಗೆದಳು. ಅಜ್ಜಿ “ಛೆ ಛೆ” ಎಂದರು.

“ಆಗ ಮೂರು ಹೊರಗೆ ಮೇಡಂ. ಮೂರಕ್ಕಿಂತ ಒಂಚೂರೇ ಚೂರು ಜಾಸ್ತಿ ಇದ್ರೂ ಒಳಗೆ.”

ಮೇಡಂ ಚಪ್ಪಾಳೆ ತಟ್ಟಿದರು. ನನಗೋ ಖುಷಿಗೆ ಕಣ್ಣು ತುಂಬಿ ಬಂತು. ಯಾರಾದರೂ ನೋಡಿಬಿಟ್ಟಾರೆಂದು, ಚಪ್ಪಲಿ ಹಾಕಿಕೊಂಡು ರಂಗೋಲಿಯ ಹತ್ತಿರ ಬಂದ ಹುಡುಗರನ್ನು ಎರಡು ಬೈದೆ.

ಅತಿಥಿಗಳು ಬೆನ್ನು ತಿರುಗಿಸಿದ್ದೇ ತಡ, ಗಂಗರತ್ನಮ್ಮ ಕುಕ್ಕರಗಾಲಲ್ಲಿ ಕೂತು ಆ ವೃತ್ತಕ್ಕೆ ಮತ್ತೆ ಅರಿಶಿನ ತುಂಬಿದರು. ನಾನು ಬಾಯಿ ತೆರೆಯುವ ಮೊದಲೇ ಶಿಲ್ಪ ಹಲಗೆಯ ಹತ್ತಿರ ಹೋಗಿ, ಆ ಚಿಕ್ಕ ಗೆರೆಯನ್ನು ಮತ್ತೆ ಎಳೆದು ಬಂದಳು.