ನಾಯಿಯ ದುಃಖಕ್ಕೆ ಬಂದವರು

ಮೇಡಂ ಸಾಕಿದ್ದ ನಾಯಿ ಮುದಿಯಾಗಿ ಸತ್ತಾಗ ಬೀದಿಗೆ ಬೀದಿಯೇ ಅವರ ಹಜಾರಕ್ಕೆ ಬಂದು ಕೂತಿತು. ಆಯುಸ್ಸೆಲ್ಲ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿದ ಮೇಡಂ ನಿವೃತ್ತರಾಗಿದ್ದರೂ ಬೀದಿಯವರು ಇನ್ನೂ ಅವರ ಮುಂದೆ ಕೈಕಟ್ಟಿಯೇ ನಿಲ್ಲುತ್ತಿದ್ದರು. ಗೋಡೆಯ ಮೇಲೆ ನಾಯಿಯ ದೊಡ್ಡ ಫೋಟೋ; ಅದರ ಕೆಳಗೆ ಕರವಸ್ತ್ರ ಹಿಡಿದ ಮೇಡಂ. ಹೊಸಬರು ಬಾಗಿಲಿಗೆ ಬಂದಾಗ ಮಾತ್ರ ಅವರಿಗೆ ಕಣ್ಣೀರು ಬರುತ್ತಿತ್ತು. ಒಮ್ಮೆ ಆ ಕಣ್ಣೀರು ನೋಡಿ ಕೂತವರಿಗಾಗಿ ಮತ್ತೊಮ್ಮೆ ಅಳುವಷ್ಟು ದಡ್ಡರಲ್ಲ ಅವರು.

ಸೊಸೆ ಒಳಗೆ ಟೀ ಸೋಸುತ್ತಿದ್ದಳು. ಬೀದಿಯ ತುದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಹಿಂದಿನ ತಿಂಗಳಷ್ಟೇ ಅವಳ ಬಸಿರು ಇಳಿದುಹೋಗಿತ್ತು. ಆಸ್ಪತ್ರೆಯಿಂದ ಬಂದ ದಿನ ಮೇಡಂ ಹೇಳಿದ್ದು ಇಷ್ಟೇ: "ಹುಟ್ಟಿ ಸತ್ತಿದ್ರೆ ಅಳಬೋದಿತ್ತು. ಮುಖಾನೇ ನೋಡಿಲ್ಲ, ಏನಂತ ಅಳ್ತೀಯ?" ಅಮ್ಮನ ಮಾತಿಗೆ ತಾಳ ಹಾಕುವುದನ್ನೇ ಕಸುಬು ಮಾಡಿಕೊಂಡಿದ್ದ ಗಂಡ, "ಅಂಗಡಿಗೆ ಹೋಗು, ಮರ್ತುಹೋಗುತ್ತೆ" ಎಂದಿದ್ದ. ಅವಳು ಹೋಗಿದ್ದಳು. ಮಕ್ಕಳ ಅಂಗಿ ಹೊಲಿಯಲು ಬಂದರೆ ಮಾತ್ರ ಕತ್ತರಿ ಕೆಳಗಿಟ್ಟು, ಹಿಂಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದಳು. ಆಗ ಅವಳನ್ನು ಮಾತಾಡಿಸಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ.

ಔಷಧಿ ಅಂಗಡಿಯವನು ಗಂಟಲು ಸರಿಮಾಡಿಕೊಂಡ. "ಮನೆಮಗ ಹೋದ ಹಾಗೇ ಅಲ್ವಾ ಮೇಡಂ?"

"ಹೆತ್ತ ಮಗನಿಗಿಂತ ಹೆಚ್ಚು" ಎಂದರು ಮೇಡಂ. ಹೆತ್ತ ಮಗ ಪಕ್ಕದಲ್ಲೇ ನಿಂತು ತಲೆದೂಗಿದ.

ಸೊಸೆ ಟೀ ತಂದಳು. ಮೇಡಂ ಗದ್ದದಿಂದಲೇ ಅವಳನ್ನು ತೋರಿಸಿ, "ಇವಳ ಕಣ್ಣಲ್ಲಿ ಒಂದು ಹನಿ ಇದ್ಯಾ ನೋಡಿ. ಕಲ್ಲು" ಎಂದರು.

ಅವಳು ತಟ್ಟೆಯನ್ನು ನೆಲದ ಮೇಲಿಟ್ಟು ಖಾಲಿ ಕುರ್ಚಿಯೊಂದರಲ್ಲಿ ಕೂತಳು. "ಅಳ್ತೀನಿ ಅತ್ತೆ. ಆದ್ರೆ ನಿಮ್ಮ ನಾಯಿಗಲ್ಲ, ನನ್ನ ಮಗೂಗೆ" ಎಂದವಳು ಹೊಟ್ಟೆ ಹಿಡಿದುಕೊಂಡು ದನಿ ತೆಗೆದು ಅತ್ತಳು.

ನಾಯಿಗಾಗಿ ಕರಗಿ ನೀರಾಗಿದ್ದ ಜನ ಈಗ ಆರುತ್ತಿರುವ ಟೀಯನ್ನೇ ನೋಡುತ್ತ ಕೂತರು. ಇಸ್ತ್ರಿ ಅಂಗಡಿಯ ಹೆಂಗಸೊಬ್ಬಳು ಎದ್ದು ಬಂದು ಅವಳ ಕೈ ಹಿಡಿದುಕೊಂಡಳು.

"ನಂಗೆ ಯಾರೂ ಹೇಳ್ಲೇ ಇಲ್ವಲ್ಲಮ್ಮ. ಎಷ್ಟು ತಿಂಗ್ಳಾಗಿತ್ತು?"

"ಐದು."

"ಒದೀತಿತ್ತಾ?"

"ಆಗಷ್ಟೇ ಶುರುಮಾಡಿತ್ತು."

ಗಂಡ ಬಾಗಿ ಪಿಸುಗುಟ್ಟಿದ: "ಮೆಲ್ಲಗೆ ಕಣೇ, ಜನ ಇದ್ದಾರೆ."

"ನಿಮ್ಮಮ್ಮ ಬೆಳಿಗ್ಗೆಯಿಂದ ಮೆಲ್ಲಗೆ ಅತ್ರಾ?" ಎಂದಳು ಇಸ್ತ್ರಿಯವಳು.

ಅವನು ಅಮ್ಮನ ಮುಖ ನೋಡಿದ. ಜನ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು. ಇಸ್ತ್ರಿಯವಳು ಮಾತ್ರ, ಸೊಸೆಯ ಅಳು ತಾನಾಗಿ ತಗ್ಗುವವರೆಗೂ ಕೈ ಬಿಡಲಿಲ್ಲ.

ಸಂಜೆ ಸೊಸೆ ಚೀಲಕ್ಕೆ ಬಟ್ಟೆ ತುಂಬಿಕೊಂಡು ಅಕ್ಕನ ಮನೆಗೆ ಹೊರಟಳು. ಎದೆಯ ಮೇಲಿನ ಚಪ್ಪಡಿ ಒಂದಿಷ್ಟು ಸರಿದಂತಿತ್ತು.

"ಯಾವಾಗ ಬರ್ತೀಯ?" ಎಂದ ಗಂಡ.

"ಅತ್ತು ಮುಗಿದ ಮೇಲೆ. ನಿಂಗೆ ಅಳು ಬಂದ್ರೆ ಅಲ್ಲಿಗೇ ಬಾ."

ಅವನು ಹೋಗಲಿಲ್ಲ. ಮರುದಿನ ಮೇಡಂ ಬೀದಿಯವರಿಗೆಲ್ಲ ಹೇಳಿದರು: "ನಾಯಿ ಹೋದ ಸಂಕಟ ತಡ್ಕೊಳ್ಳೋಕಾಗ್ಲಿಲ್ಲ ಪಾಪ, ಅಕ್ಕನ ಮನೆಗೆ ಹೋಗಿದ್ದಾಳೆ."