ತಲೆ ಹೊರಳಿಸದ ಸದ್ದು

ಮೌನ ಬೇಕು, ಮೌನ ಬೇಕು ಎಂದು ಆ ಪ್ರೋಗ್ರಾಮರ್ ಹಟ ಹಿಡಿದಿದ್ದನಲ್ಲ, ಸಿಕ್ಕಿತು. ಸಾಕಪ್ಪಾ ಎಂದು ಕೈಮುಗಿದರೂ ಬಿಡದಷ್ಟು ಸಿಕ್ಕಿತು.

ಮನುಷ್ಯ ಕೆಟ್ಟವನೇನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಆಫೀಸಿನಲ್ಲಿ ಅವನದು ಸದ್ದು ಅಳಿಸುವ ಕೆಲಸ. ಬಸ್ಸಿನಲ್ಲಿ ನೇತಾಡುತ್ತ ಫೋನಿನಲ್ಲಿ ಮಾತಾಡಿದರೂ ಆ ಕಡೆಯವರಿಗೆ ಬಸ್ಸಿನ ಗುರಗುರ ಕೇಳಿಸದೆ ನಿಮ್ಮ ಮಾತಷ್ಟೇ ಕೇಳಿಸುತ್ತದಲ್ಲ, ಅಂಥ ಪ್ರೋಗ್ರಾಂ ಬರೆಯುವವನು. ನಲವತ್ತು ದಾಟುತ್ತಿದ್ದ ಹಾಗೆ ಮಹಾಶಯನಿಗೆ ಜ್ಞಾನೋದಯವಾಯಿತು. ಬದುಕೆಲ್ಲ ಪರದೆ ನೋಡುವುದರಲ್ಲೇ ಕಳೆದುಹೋಗುತ್ತಿದೆ, ಇನ್ನು ಮೇಲೆ ಒಂದು ಹೊತ್ತಿಗೆ ಒಂದೇ ಕೆಲಸ, ಅದೂ ಮನಸ್ಸಿಟ್ಟು! ಬೆಳಿಗ್ಗೆ ಎದ್ದು ಕಣ್ಣುಮುಚ್ಚಿ ಕೂತ. ಊಟಕ್ಕೆ ಕೂತಾಗ ಫೋನನ್ನು ದೂರ ಇಟ್ಟ. ಒಂದೊಂದು ತುತ್ತನ್ನೂ ಅದೆಷ್ಟು ಹೊತ್ತು ಅಗಿದನೆಂದರೆ ಹೆಂಡತಿ ಗಾಬರಿಯಿಂದ, "ಏನ್ರೀ, ಹಲ್ಲುನೋವಾ?" ಎಂದು ಕೇಳಿದಳು.

ಜೊತೆಗೆ ಚಿತ್ರ ಬರೆಯುವ ಹಳೇ ಚಪಲವೂ ಕೆರಳಿತು. ಮಕ್ಕಳಿಗಾಗಿ ಒಂದು ಚಿತ್ರಪುಸ್ತಕ ಮಾಡಬೇಕು, ದಾರಿ ತಪ್ಪಿದ ಬಸವನಹುಳುವಿನ ಕಥೆ. ಹೊರಗಿನ ಕೋಣೆಯ ಕಿಟಕಿ ಪಕ್ಕ ಮೇಜು, ಕೂರಲು ಒಂದು ಸ್ಟೂಲು ಹಾಕಿಕೊಂಡ. ಆಫೀಸಿನಿಂದ ಬಂದು ಕೈಕಾಲು ತೊಳೆದು ಕುಂಚ ಹಿಡಿದು ಕೂತರೆ ಅದೊಂದು ತಪಸ್ಸು. ಆ ತಪಸ್ಸಿಗೆ ಭಂಗ ತರುತ್ತಿದ್ದವಳು ಅವನ ಒಬ್ಬಳೇ ಮಗಳು. ಏಳು ವರ್ಷ, ಬಾಯಿಗೆ ಬೀಗವಿಲ್ಲ. ಅದಕ್ಕೇ ಮನೆಯಲ್ಲಿ ಅವಳನ್ನು ಚಿಲಿಪಿಲಿ ಎಂದು ಕರೆಯುತ್ತಿದ್ದರು.

"ಅಪ್ಪಾ, ಇರುವೆಗೆ ಸುಸ್ತಾದ್ರೆ ಎಲ್ಲಿ ಕೂತ್ಕೊಳತ್ತೆ?"

"ಹೂಂ."

"ಹೂಂ ಅಲ್ಲಪ್ಪಾ, ಎಲ್ಲಿ?"

"ಆಮೇಲೆ ಹೇಳ್ತೀನಿ ಪುಟ್ಟಾ."

ಆ ಆಮೇಲೆ ಬರುತ್ತಲೇ ಇರಲಿಲ್ಲ. ಮಗುವನ್ನು ಗದರಲು ಅವನಿಗೆ ಮನಸ್ಸು ಬಾರದು, ಮೃದು ಸ್ವಭಾವ ನೋಡಿ! ಹಾಗಾಗಿ ಗದರುವ ಬದಲು ಒಂದು ಪ್ರೋಗ್ರಾಂ ಬರೆದ.

ಕಿವಿಯೊಳಗೆ ಇಟ್ಟುಕೊಳ್ಳುವ ಪುಟ್ಟ ಇಯರ್‌ಫೋನುಗಳಿಗೆ ಅದನ್ನು ತುಂಬಿಸಿದ. ತಲೆ ಯಾವ ಕಡೆ ಹೊರಳಿತು ಎಂದು ತಿಳಿಯುವ ಚಿಪ್ ಅವುಗಳಲ್ಲಿ ಮೊದಲೇ ಇತ್ತು. ಪ್ರೋಗ್ರಾಮಿನ ನಿಯಮ ಬಹಳ ಸರಳ. ಯಾವ ಸದ್ದು ಬಂದಾಗ ತಲೆ ಹೊರಳುತ್ತದೋ ಅದು ಬೇಕಾದ ಸದ್ದು. ಎಷ್ಟು ಸಲ ಬಂದರೂ ತಲೆ ಹೊರಳದಿದ್ದರೆ ಅದು ಕಸ, ಗುಡಿಸಿಬಿಡು. ಇಂಥದ್ದು ಬೇಡ ಎಂದು ಬಾಯಿಬಿಟ್ಟು ಹೇಳುವ ಪಾಪವೂ ತನಗೆ ಅಂಟದು. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡ.

ಆಫೀಸಿನಲ್ಲಿ ಒಬ್ಬ ಟೆಸ್ಟರಮ್ಮ ಇದ್ದರು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ಹುಳುಕು ಹುಡುಕುವುದೇ ಅವರ ಕೆಲಸ. ಇದನ್ನು ತೋರಿಸಿದಾಗ ಅವರು ಹುಬ್ಬು ಗಂಟಿಕ್ಕಿದರು. "ಚೆನ್ನಾಗೇನೋ ಇದೆ ಸಾರ್. ಆದ್ರೆ ಇದು ಕಲಿಯೋದನ್ನ ಎಲ್ಲಿ ನಿಲ್ಲಿಸತ್ತೆ?"

"ಯಾಕಮ್ಮಾ ನಿಲ್ಲಿಸ್ಬೇಕು? ಕಲಿತಷ್ಟೂ ಒಳ್ಳೇದಲ್ವಾ?"

"ಬೇಕಾದ ಸದ್ದಿಗೇ ನೀವು ತಲೆ ತಿರುಗಿಸೋದು ಮರೆತ್ರೆ?"

"ಮರೆಯೋಕೆ ನನಗೇನು ಅರಳುಮರಳಾ?" ಎಂದು ನಕ್ಕುಬಿಟ್ಟ.

ಮೊದಲು ಫ್ರಿಜ್ಜಿನ ಗೊಣಗಾಟ ನಿಂತಿತು. ಆಮೇಲೆ ರಸ್ತೆಯ ಹಾರನ್ನುಗಳು, ಮೇಲಿನ ಮನೆಯವರು ಕುರ್ಚಿ ಎಳೆಯುವ ಕಿರ್ರೆಂಬ ಸದ್ದು. ಒಂದು ಸಂಜೆ ಕುಂಚ ತೊಳೆಯುತ್ತಿದ್ದಾಗ ಪಕ್ಕದಲ್ಲಿ ಚಿಲಿಪಿಲಿ ಕೈ ಆಡಿಸುತ್ತ ಏನನ್ನೋ ಹೇಳುತ್ತಿರುವುದು ಕಣ್ಣಿಗೆ ಬಿತ್ತು. ಕಿವಿಗೆ ಬೀಳಲಿಲ್ಲ. ಆಗ ಅವನಿಗೆ ಏನನ್ನಿಸಬೇಕಿತ್ತು, ಏನನ್ನಿಸಿತು ನೋಡಿ. ಖುಷಿಯಾಯಿತು! ಅಯ್ಯೋ ಪುಣ್ಯಾತ್ಮ! ಅವತ್ತಿನಿಂದ ಪುಟದ ಮೇಲೆ ಪುಟ ತುಂಬಿತು. ಬಸವನಹುಳುವಿಗೆ ಜೀವ ಬಂತು, ನೋಡಿದವರೆಲ್ಲ ಹೊಗಳಿದರು.

ಇಯರ್‌ಫೋನು ತೆಗೆದಿಟ್ಟು ಊಟಕ್ಕೆ ಕೂತ ಒಂದು ದಿನ ವಿಷಯ ಗೊತ್ತಾಯಿತು. ಎದುರಿಗೆ ಚಿಲಿಪಿಲಿಯ ತುಟಿ ಅಲ್ಲಾಡುತ್ತಿತ್ತು. ತಟ್ಟೆಗೆ ಚಮಚ ತಾಗಿದ್ದು ಕೇಳಿಸಿತು, ಹೆಂಡತಿಯ ಬಳೆ ಕೇಳಿಸಿತು, ಮಗಳು ಮೇಜಿನ ಕಾಲಿಗೆ ಒದೆಯುತ್ತಿದ್ದದ್ದೂ ಕೇಳಿಸಿತು. ಅವಳ ದನಿ ಮಾತ್ರ ಇಲ್ಲ.

"ರೀ, ಮಗು ಏನೋ ಕೇಳ್ತಿದೆಯಲ್ಲ, ಉತ್ರ ಕೊಡಿ," ಎಂದಳು ಹೆಂಡತಿ.

ಅವನು ಕಿವಿಗೆ ಕೈ ಹಚ್ಚಿ ನೋಡಿದ. ಕಿವಿಯಲ್ಲಿ ಏನೂ ಇರಲಿಲ್ಲ.

ಅವತ್ತೇ ಪ್ರೋಗ್ರಾಮನ್ನು ಅಳಿಸಿದ, ಇಯರ್‌ಫೋನುಗಳನ್ನು ಕಸದ ಬುಟ್ಟಿಗೆ ಎಸೆದ. ಮಾರನೆಯ ಬೆಳಿಗ್ಗೆ ಅವಳು ಹಲ್ಲುಜ್ಜುತ್ತ ಹಾಡುತ್ತಿದ್ದಳು. ಬಾಯಿಂದ ನೊರೆ ಹಾರುತ್ತಿತ್ತು, ಹಾಡು ಕೇಳಿಸಲಿಲ್ಲ. ಕಿವಿ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ನನ್ನ ಕಿವಿಗಿಂತ ನಿಮ್ಮದೇ ಚುರುಕಾಗಿದೆ ಕಣ್ರೀ," ಎಂದು ಕಳಿಸಿದರು. ಬೇರೆ ದಾರಿ ಕಾಣದೆ ಟೆಸ್ಟರಮ್ಮನ ಮುಂದೆ ಎಲ್ಲವನ್ನೂ ತೋಡಿಕೊಂಡ. ಆಕೆ ನಗಲಿಲ್ಲ, ನಾನು ಆಗಲೇ ಹೇಳಿರಲಿಲ್ವಾ ಎಂದು ಕುಟುಕಲೂ ಇಲ್ಲ.

"ಪ್ರೋಗ್ರಾಂ ಅಳಿಸಿದ್ರೂ ಹೋಗ್ಲಿಲ್ಲ ಅಂದ್ರೆ, ಕಲಿತಿದ್ದು ಅದೊಂದೇ ಅಲ್ಲ ಸಾರ್, ನೀವೂ ಕಲಿತಿದೀರಿ."

"ಈಗ ಏನಮ್ಮಾ ಮಾಡ್ಲಿ?"

"ಕಲಿತ ದಾರೀಲೇ ವಾಪಸ್ ಬರ್ಬೇಕು. ಅವಳು ಮಾತಾಡಿದಾಗೆಲ್ಲ ಅವಳ ಕಡೆ ತಿರುಗಿ. ಅಷ್ಟೇ ನನಗೆ ತೋಚೋದು."

ಹೆಂಡತಿಗೆ ಹೇಳಲೇಬೇಕಾಯಿತು. ಬಟ್ಟೆ ಮಡಚುತ್ತಿದ್ದವಳು ಕೇಳಿ ಸಿಡುಕಿದಳು. "ತಮಾಷೆಗೂ ಒಂದು ಮಿತಿ ಇರತ್ತೆ. ಮಗಳ ಮಾತು ಕೇಳಿಸಲ್ವಂತೆ! ನಿನ್ನೆ ಸಂಜೆ ತಾನೆ ಇಬ್ರೂ ಕೂತು ಹರಟಿದ್ದೇ ಹರಟಿದ್ದು. ಅಡುಗೆಮನೆವರೆಗೂ ಕೇಳಿಸ್ತಿತ್ತು."

"ನಾನಾ? ನಾನು ಚಿತ್ರ ಬರೀತಾ ಇದ್ದೆ ಕಣೇ. ಬಾಯೇ ಬಿಚ್ಚಿಲ್ಲ."

"ಮತ್ತೆ ನಿಮ್ಮ ದನಿ ನನಗೆ ಗೊತ್ತಾಗಲ್ವಾ? ಇಷ್ಟು ದಿನದಿಂದ ಕೇಳ್ತಿದೀನಿ, ಇರುವೆ ಬಗ್ಗೆ, ಶಾಲೆ ಬಗ್ಗೆ, ಅದೆಷ್ಟು ಸಮಾಧಾನವಾಗಿ ಹೇಳ್ತಿರ್ತೀರಿ! ಈ ಧ್ಯಾನ ಗೀನ ಎಲ್ಲ ದಂಡ ಅಂದ್ಕೊಂಡಿದ್ದೆ. ಪರವಾಗಿಲ್ಲ, ಮನುಷ್ಯ ಸುಧಾರಿಸಿದ ಅಂತ ಸಂತೋಷಪಟ್ಟಿದ್ದೆ ನಾನು."

ನಿನ್ನೆ ಸಂಜೆ ಪೂರ್ತಿ ಅವನು ತುಟಿಪಿಟಕ್ಕೆಂದಿರಲಿಲ್ಲ. ಎಲ್ಲಾದರೂ ತನ್ನ ದನಿಯ ರೆಕಾರ್ಡಿಂಗ್ ಓಡುತ್ತಿದೆಯೇ ಎಂದು ಮನೆಯಲ್ಲಿದ್ದ ಫೋನು, ಕಂಪ್ಯೂಟರು, ಟಿವಿ ಎಲ್ಲವನ್ನೂ ಜಾಲಾಡಿದ. ಏನೂ ಸಿಗಲಿಲ್ಲ. ಹೆಂಡತಿಗೆ ಮತ್ತೆ ಹೇಳುವ ಧೈರ್ಯವಾಗಲಿಲ್ಲ, ಹೇಳಿದ್ದರೆ ಅವಳು ಈ ಸಲ ಮನಸ್ಸಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದಳು.

ರಜೆ ಹಾಕಿದ. ಕುಂಚಗಳನ್ನು ಕಟ್ಟಿಟ್ಟ. ಶಾಲೆಗೂ ಆಗ ರಜೆ. ಮಗಳು ಎಲ್ಲಿ ಕೂತರೆ ಅಲ್ಲಿ ಕೂತ, ಎದ್ದರೆ ಎದ್ದ. ಅವಳ ದನಿಯೇ ಕೇಳದವನಿಗೆ ಅವಳು ಯಾವಾಗ ಮಾತಾಡುತ್ತಾಳೆಂದು ತಿಳಿಯುವುದಾದರೂ ಹೇಗೆ? ಅವಳ ಮುಖದಿಂದ ಕಣ್ಣು ಕೀಳುವ ಹಾಗಿರಲಿಲ್ಲ. ಮನಸ್ಸಿಟ್ಟು ಬದುಕುವುದು ಎಂದರೆ ಇದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಗಲ್ಲದ ಮೇಲೆ ಒಂದು ಹೊಸ ಗಾಯದ ಗುರುತು ಕಂಡಿತು, ಯಾವಾಗ ಬಿದ್ದಳೋ. ಮುಂದಿನ ಹಲ್ಲು ಬಿದ್ದು ಹೊಸದು ಅರ್ಧ ಬೆಳೆದೂ ಆಗಿತ್ತು.

"ಮಗಳನ್ನ ನುಂಗೋ ಹಾಗೆ ನೋಡ್ತೀರಲ್ರೀ," ಎಂದು ಹೆಂಡತಿ ಛೇಡಿಸಿದಳು.

ಅವನು ಇಷ್ಟು ನೋಡುತ್ತಿದ್ದರೂ ಚಿಲಿಪಿಲಿ ಅವನನ್ನು ನೋಡುತ್ತಿರಲಿಲ್ಲ. ಮುನಿಸೇನಲ್ಲ. ಕಂಬವನ್ನೋ ಕುರ್ಚಿಯನ್ನೋ ಬಳಸಿಕೊಂಡು ಹೋಗುವ ಹಾಗೆ ಅವನನ್ನು ಬಳಸಿಕೊಂಡು ಹೋಗುತ್ತಿದ್ದಳು. ಹೋಗಿ ಕಿಟಕಿ ಪಕ್ಕದ ಖಾಲಿ ಸ್ಟೂಲಿನ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ನಿಲ್ಲುತ್ತಿತ್ತು. ಕತ್ತು ಓರೆ ಮಾಡಿ ಏನನ್ನೋ ಆಲಿಸುತ್ತಿದ್ದಳು. ಒಬ್ಬರು ಉತ್ತರ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದು, ಆಮೇಲೆ ಬಿದ್ದುಬಿದ್ದು ನಗುತ್ತಿದ್ದಳು.

ಅವನು ಆದರೂ ಬಿಡಲಿಲ್ಲ. ಅವಳ ತುಟಿ ಅಲ್ಲಾಡಿದಾಗೆಲ್ಲ ಪಟ್ಟುಹಿಡಿದು ಅವಳ ಕಡೆಗೇ ತಿರುಗಿದ. ಮೊದಲು ನಗೆಯ ತುದಿಯೊಂದು ಕೇಳಿಸಿತು. ಆಮೇಲೆ ಅಲ್ಲೊಂದು ಇಲ್ಲೊಂದು ಮಾತು. ಒಂದು ಮಧ್ಯಾಹ್ನ, ಹೆಂಡತಿ ಮಾರ್ಕೆಟ್ಟಿಗೆ ಹೋಗಿದ್ದಾಗ, ಗೋಡೆಗೊರಗಿ ಕೂತಿದ್ದವನ ಕಿವಿಗೆ ಮಗಳ ದನಿ ಒಮ್ಮೆಲೇ ನಿಚ್ಚಳವಾಗಿ ಬಿತ್ತು.

"ಮತ್ತೆ ಅದೇ ಕನಸು ಬಂತಪ್ಪಾ."

ಅವನ ಕಣ್ಣು ತುಂಬಿತು. ದೇವರೇ, ಎಷ್ಟು ದಿನವಾಗಿತ್ತು! ಈ ದನಿಗಿಂತ ಇನ್ಯಾವ ಮೌನ ಬೇಕಿತ್ತು ನನಗೆ ಎಂದು ತನ್ನನ್ನೇ ಶಪಿಸಿಕೊಂಡ. ಎದ್ದು ಅವಳನ್ನು ಅಪ್ಪಿಕೊಳ್ಳಬೇಕೆಂದು ನೆಲಕ್ಕೆ ಕೈಯೂರಿದ.

ಅಷ್ಟರಲ್ಲಿ ಸ್ಟೂಲಿನ ಕಡೆಯಿಂದ ಉತ್ತರ ಬಂತು.

"ಬಂತಾ? ಈ ಸಲ ಹೆದರಿಕೊಂಡ್ಯಾ?"

ಅವನದೇ ದನಿ. ಅದೇ ಗಂಟಲು, ಅದೇ ರಾಗ. ಆದರೆ ಅದಕ್ಕೆ ಆತುರವಿರಲಿಲ್ಲ.

"ಸ್ವಲ್ಪ. ನೀನು ಹೇಳಿಕೊಟ್ಟ ಹಾಗೇ ಬಾಗಿಲು ಹಾಕ್ಕೊಂಡೆ."

"ಜಾಣೆ ನನ್ನ ಕಂದ. ಆಮೇಲೆ ಅದು ಹೋಯ್ತಾ?"

ಸ್ಟೂಲಿನ ಮೇಲೆ ಬಿಸಿಲು ಬಿದ್ದಿತ್ತು, ಮತ್ತೇನೂ ಇರಲಿಲ್ಲ. ಗೋಡೆಗೊರಗಿದ್ದವನಿಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು. ತನ್ನ ಮಗಳು, ತನ್ನ ದನಿ! ತಡೆಯಲಾರದೆ ಗಟ್ಟಿಯಾಗಿ ಕೇಳಿಬಿಟ್ಟ.

"ಯಾವ ಕನಸು ಚಿಲಿಪಿಲಿ? ನನಗೆ ಹೇಳು ಪುಟ್ಟಾ, ನಾನು ಇಲ್ಲಿದೀನಿ."

ಅಷ್ಟು ದಿನಗಳಲ್ಲಿ ಮೊದಲ ಸಲ ಅವಳು ಅವನ ಕಡೆ ತಿರುಗಿದಳು. ಮನೆಗೆ ಬಂದ ಅಪರಿಚಿತರನ್ನು ಮಕ್ಕಳು ನೋಡುವ ಹಾಗೆ ಕ್ಷಣ ಹೊತ್ತು ಮರ್ಯಾದೆಯಿಂದ ನೋಡಿ, ತುಟಿಯ ಮೇಲೆ ಬೆರಳಿಟ್ಟಳು.

"ಶ್... ಸ್ವಲ್ಪ ಸುಮ್ನಿರಿ. ಅಪ್ಪ ಮಾತಾಡ್ತಿದಾನೆ."

ಅವನು ಬಾಯಿ ಮುಚ್ಚಿದ. ಆ ಕನಸಿನಲ್ಲಿ ಬರುವುದು ಏನೆಂದು ಅವನಿಗೂ ತಿಳಿಯಬೇಕಿತ್ತು.