ಹನ್ನೊಂದು ಚಿತ್ರಗಳಲ್ಲಿ ಒಂದೇ ಚೀತ್ಕಾರ

ದೆವ್ವದ ಸಿನಿಮಾಗಳ ಮೇಲಿನ ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯ ನಿಂತಿದ್ದದ್ದು ಒಂದು ಚೀತ್ಕಾರದ ಮೇಲೆ. ಎಂಟು ವರ್ಷಗಳಲ್ಲಿ ಬಂದ ಹನ್ನೊಂದು ಚಿತ್ರಗಳಲ್ಲಿ, ಹನ್ನೊಂದು ನಟಿಯರ ಬಾಯಿಂದ, ಅದೇ ಚೀತ್ಕಾರ ಹೊರಡುತ್ತಿತ್ತು. ಅವುಗಳ ಧ್ವನಿರೇಖೆಗಳನ್ನು ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ಇಟ್ಟು ನೋಡಿದ್ದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ; ಒಂದೇ ಟೇಪನ್ನು ಎಲ್ಲಕ್ಕೂ ಅಂಟಿಸಿದ್ದರು.

ಅಧ್ಯಾಯದ ವಾದ ಸರಳವಾಗಿತ್ತು. ಹೆಂಗಸರು ಕಚೇರಿ, ಕಾರ್ಖಾನೆಗಳ ಕೆಲಸಕ್ಕೆ ದಂಡಿಯಾಗಿ ಹೊರಟ ವರ್ಷಗಳವು. ಅದೇ ವರ್ಷಗಳಲ್ಲಿ ತೆರೆಯ ಮೇಲಿನ ದೆವ್ವ ಹಳೆಯ ಬಂಗಲೆ ಬಿಟ್ಟು ಬಾಡಿಗೆ ಮನೆಗೆ ಬಂತು. ತಾಯಿ ಕೆಲಸಕ್ಕೆ ಹೋದಾಗ ಒಳಗಿದ್ದ ಮಗುವನ್ನು ಹಿಡಿಯಿತು. ಸಂಜೆ ಬಂದು ಬೀಗ ತೆಗೆದ ತಾಯಿ ಕಿರುಚಿದಳು. ಆ ಚೀತ್ಕಾರಕ್ಕೆ ಮುಂಚೆ ಉಸಿರೆಳೆದುಕೊಂಡ ಸದ್ದಿಲ್ಲ, ಅದು ಒಬ್ಬಳ ಗಂಟಲಿನದಲ್ಲ, ಒಂದು ಕಾಲದ ಗಂಟಲಿನದು ಎಂದು ಬರೆದಿದ್ದೆ. ನನ್ನ ಗೈಡ್ ಆ ವಾಕ್ಯದ ಪಕ್ಕ ಎರಡು ಗೆರೆ ಎಳೆದು ಭೇಷ್ ಅಂದರು. ಆದರೂ ಅದು ಯಾರ ಗಂಟಲು ಅನ್ನುವುದಕ್ಕೆ ಸಾಕ್ಷಿ ತಾ, ಸಿಕ್ಕರೆ ವಿಭಾಗದಲ್ಲಿ ಖಾಲಿಯಿರುವ ಅಧ್ಯಾಪಕರ ಹುದ್ದೆಗೆ ನಿನ್ನ ಹೆಸರನ್ನೇ ಹೇಳುತ್ತೇನೆ ಎಂದರು.

ಅದಕ್ಕಾಗಿ ನಾನು ಅಡುಗೆಮನೆಯವರೆಗೆ ಹೋದರೆ ಸಾಕಿತ್ತು. ಅಮ್ಮ ಆ ವರ್ಷಗಳಲ್ಲಿ ಡಬ್ಬಿಂಗ್ ಕೆಲಸದಲ್ಲಿದ್ದಳು. ನಟಿಯರಿಗೆ ಮಾತು ಕೊಡುವವರು ಬೇರೆ ಇದ್ದರು, ಇವಳದು ಕಿರುಚಾಟ ಮಾತ್ರ. ಸ್ಟುಡಿಯೋದವರು ಕಿರುಚಕ್ಕ ಅನ್ನುತ್ತಿದ್ದರಂತೆ. ಈಗ ಗಂಟಲಲ್ಲಿ ಗಂಟುಗಳಾಗಿ, ಪಿಸುಮಾತಿಗಿಂತ ತುಸು ಮೇಲಿನ ದನಿ ಉಳಿದಿದೆ. ಅವಳನ್ನು ಮೊದಲೇ ಕೇಳಿದರೆ ವಾದ ಕೆಡುತ್ತದೆಂದು ಅಧ್ಯಾಯ ಮುಗಿಯುವವರೆಗೆ ನಾನು ಬಾಯಿ ಬಿಟ್ಟಿರಲಿಲ್ಲ.

ಮಧ್ಯಾಹ್ನ ಅಮ್ಮ ಮೇಜಿನ ಮೇಲೆ ಬಟಾಣಿ ಸುಲಿಯುತ್ತಿದ್ದಳು. ನಾನು ರೆಕಾರ್ಡರ್ ಇಟ್ಟೆ.

"ಇದಕ್ಕೆ ಏನ್ ಹೇಳ್ಬೇಕು?"

"ನೀನು ಮಾಡ್ತಿದ್ದ ಕೆಲಸ ಹೇಳು."

"ನಾನು ಸತ್ತಷ್ಟು ಸಲ ಈ ಭೂಮಿ ಮೇಲೆ ಯಾರೂ ಸತ್ತಿಲ್ಲ ಅಂತ ಬರ್ಕೋ. ಬಾವಿಗೆ ಬಿದ್ದು ಮೂವತ್ತು ಸಲ, ಮಹಡಿಯಿಂದ ಹದಿನೆಂಟು. ಒಂದ್ಸಲ ಬರೀ ಬೆಕ್ಕು ನೋಡಿ."

ಮೈಕಿನಿಂದ ಎರಡು ಹೆಜ್ಜೆ ಹಿಂದೆ ನಿಲ್ಲಬೇಕು. ದನಿ ನೆತ್ತಿಗೇರಿದಾಗ ಮುಖ ಪಕ್ಕಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ಮೀಟರಿನ ಮುಳ್ಳು ಹಾರಿ ಇಡೀ ಟೇಕ್ ಹಾಳು. ಎದ್ದು ನಿಂತು ಮಾಡಿಯೇ ತೋರಿಸಿದಳು.

"ಕಿರುಚೋದೇನು, ಯಾರ್ ಬೇಕಾದ್ರೂ ಕಿರುಚ್ತಾರೆ. ಅದಕ್ಕೆ ಮುಂಚೆ ಉಸಿರು ಎಳ್ಕೋತೀವಲ್ಲ, ಜನ ಹೆದರೋದು ಅದಕ್ಕೆ. ನನ್ನ ಕೈಚಳಕ ಇದ್ದಿದ್ದೇ ಅಲ್ಲಿ."

"ಆದ್ರೆ ಇದರಲ್ಲಿ ಉಸಿರೇ ಇಲ್ವಲ್ಲಮ್ಮ," ಎಂದು ಲ್ಯಾಪ್‌ಟಾಪಿನ ಗುಂಡಿ ಒತ್ತಿದೆ.

ಚೀತ್ಕಾರ ಅಡುಗೆಮನೆ ತುಂಬಿತು. ಅಮ್ಮ ಕುಳಿತುಕೊಂಡಳು.

"ನಿಲ್ಸು."

ನಿಲ್ಲಿಸಿದೆ. ಸ್ವಲ್ಪ ಹೊತ್ತು ಸುಲಿದ ಬಟಾಣಿಯನ್ನೇ ಮತ್ತೆ ಸುಲಿಯಲು ನೋಡಿದಳು.

"ಹದಿನಾಲ್ಕು ಟೇಕ್ ಆಗಿತ್ತು. ಡೈರೆಕ್ಟರು ಸಾಲದು, ನಾಟಕದ ಥರ ಇದೆ ಅಂತಾನೇ ಇದ್ದ. ಆಮೇಲೆ ಅವನ ಅಸಿಸ್ಟೆಂಟು ಬಾಗಿಲು ತೆಗೆದು, ಪಕ್ಕದ ಮನೆಯವರು ಫೋನ್ ಮಾಡಿದ್ರು, ಮಗು ಕಿಟಕಿಯಿಂದ ಬಿತ್ತಂತೆ ಅಂದ."

"ಯಾವ ಮಗು?"

"ನನಗೆಷ್ಟು ಮಕ್ಕಳಿದ್ದಾರೆ?"

ನನಗಾಗ ನಾಲ್ಕು ವರ್ಷ. ಅಪ್ಪ ಊರೂರು ತಿರುಗುವ ಕೆಲಸದಲ್ಲಿದ್ದ. ಅಮ್ಮ ನನ್ನನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ, ಕೀಲಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗುತ್ತಿದ್ದಳು. ಅದು ಸ್ಟುಡಿಯೋದಲ್ಲಿ ಎಲ್ಲರಿಗೂ ಗೊತ್ತಿತ್ತಂತೆ.

"ಟೇಪು ಓಡ್ತಾನೇ ಇತ್ತು. ಸ್ಪೀಕರಲ್ಲಿ ಡೈರೆಕ್ಟರು ಓಕೆ ಅಂದ. ಆಮೇಲೆ ನಕ್ಕ. ಏನೂ ಆಗಿಲ್ಲ ಅಕ್ಕ, ನೀರು ಕುಡೀರಿ ಅಂದ."

"ನೀನೇನು ಮಾಡಿದೆ?"

"ನೀರು ಕುಡಿದೆ. ಇನ್ನೆರಡು ಸೀನು ಬಾಕಿ ಇತ್ತು, ಮುಗಿಸಿ ಬಂದೆ. ನೀನು ಬಾಗಿಲ ಹತ್ರಾನೇ ಮಲಗಿದ್ದೆ."

ಅಮ್ಮನ ಕಣ್ಣು ರೆಕಾರ್ಡರಿನ ಕೆಂಪು ಚುಕ್ಕಿಯ ಮೇಲೆ ಬಿತ್ತು. "ಇದೂ ಓಡ್ತಿದೆಯಾ?"

"ಹ್ಞೂ."

ಆಫ್ ಮಾಡಲು ನನ್ನ ಬೆರಳು ತಡಮಾಡಿತು. ನಿಜ ಹೇಳಬೇಕೆಂದರೆ, ಅಮ್ಮನ ಒಡಕು ದನಿ ಎಷ್ಟು ಸ್ಪಷ್ಟವಾಗಿ ಬಂದಿರಬಹುದು ಎಂದು ಯೋಚಿಸುತ್ತಿದ್ದೆ.

ಒಪ್ಪಿಗೆ ಪತ್ರ ಮುಂದಿಟ್ಟೆ. ಸಾಕ್ಷಿ ಹೇಳಿದವರ ಸಹಿಯಿಲ್ಲದೆ ಮಾತನ್ನು ಬಳಸುವಂತಿಲ್ಲ ಅನ್ನುವುದು ವಿಶ್ವವಿದ್ಯಾಲಯದ ನಿಯಮ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

"ಏನಂತ ಬರೀತೀಯ?"

"ನಡೆದದ್ದನ್ನ."

"ಅದೂ ನಟನೆ ಅಂತ ಬರಿ, ಸಹಿ ಹಾಕ್ತೀನಿ."

"ಸುಳ್ಳಾಗುತ್ತಲ್ಲಮ್ಮ."

"ಹಾಗಾದ್ರೆ ಬಿಟ್ಬಿಡು. ಎಪ್ಪತ್ತು ಸಿನಿಮಾಕ್ಕೆ ಕಿರುಚಿದ್ದೀನಿ ಕಣೇ. ಒಂದರಲ್ಲೂ ಹೆಸರು ಹಾಕಲಿಲ್ಲ, ಹೋಗ್ಲಿ. ಆದ್ರೆ ಅದೆಲ್ಲಾ ನಾನು ಮಾಡಿದ್ದು. ಇದೊಂದು ನನ್ನಿಂದ ಕಿತ್ಕೊಂಡಿದ್ದು. ನೀನೂ ಇಷ್ಟು ವರ್ಷ ಓದಿ ಓದಿ, ಇದನ್ನೇ ಹುಡುಕ್ಕೊಂಡು ಬಂದ್ಯಲ್ಲ."

ಪತ್ರವನ್ನು ನನ್ನ ಕಡೆ ಸರಿಸಿ ಬಟಾಣಿಯ ತಟ್ಟೆ ಹತ್ತಿರ ಎಳೆದುಕೊಂಡಳು.

ಮಾರನೇ ದಿನ ಗೈಡ್ ಅವರ ಕೋಣೆಗೆ ಹೋದಾಗ ನನ್ನ ಚೀಲದಲ್ಲಿ ಆರು ಹೊಸ ಪುಟಗಳಿದ್ದವು. ಬೆಳಿಗ್ಗೆ ಎದ್ದವಳೇ ಎಲ್ಲವನ್ನೂ ಬರೆದಿದ್ದೆ. ಚೆನ್ನಾಗಿ ಬಂದಿತ್ತು. ಸುಲಿದ ಬಟಾಣಿಯನ್ನೂ ಬಿಟ್ಟಿರಲಿಲ್ಲ.

ನಡೆದದ್ದನ್ನು ಬಾಯಲ್ಲಿ ಹೇಳಿದೆ. ಅವರು ಕುರ್ಚಿ ಬಿಟ್ಟೆದ್ದರು.

"ಇದು ಬಂಗಾರ ಕಣಮ್ಮ. ನಿನ್ನ ಇಡೀ ವಾದ ಒಂದು ಡಬ್ಬಿಂಗ್ ಕೋಣೆಯಲ್ಲಿ ನಡೆದುಬಿಟ್ಟಿದೆ. ಕೆಲಸಕ್ಕೆ ಬಂದ ತಾಯಿಯ ಭಯಾನೇ ಕಚ್ಚಾ ಮಾಲು."

"ಸಹಿ ಹಾಕ್ಲಿಲ್ಲ ಸರ್."

"ಹೆಸರೇ ಬೇಡ. ಓರ್ವ ಕಲಾವಿದೆ ಅಂತ ಹಾಕು. ಸಹಿ ಯಾರ್ ನೋಡ್ತಾರೆ?"

ಕಿಟಕಿಯ ಕಟ್ಟೆಯ ಮೇಲೆ ಹಳೆಯ ಪ್ರಬಂಧಗಳು ಧೂಳು ಹಿಡಿದು ಕೂತಿದ್ದವು. ಅವುಗಳಲ್ಲಿ ಎಷ್ಟು ಮಂದಿ 'ಓರ್ವ ಕಲಾವಿದೆ'ಯರಿದ್ದಾರೋ ಅನಿಸಿತು. ಪುಟಗಳನ್ನು ತೆಗೆಯಲೆಂದು ನನ್ನ ಕೈ ಆ ಚೀಲದ ಬಾಯಿಯವರೆಗೆ ಹೋಗಿ ಅಲ್ಲೇ ನಿಂತಿತು.

"ಆ ಅಧ್ಯಾಯ ತೆಗೀತೀನಿ ಸರ್."

"ತೆಗೆದ್ರೆ ಉಳಿಯೋದು ಮೂರು ಕಾಲಿನ ಮಂಚ. ಮತ್ತೆ ಕಟ್ಟೋಕೆ ವರ್ಷ ಬೇಕು. ಹುದ್ದೆ ನಿನಗೋಸ್ಕರ ಕಾಯಲ್ಲ."

"ಗೊತ್ತು ಸರ್."

ಹುದ್ದೆ ಹೊಡೆದಾಟದ ಸಿನಿಮಾಗಳ ಮೇಲೆ ಬರೆದವನಿಗೆ ಹೋಯಿತು. ಆ ಆರು ಪುಟಗಳು, ರೆಕಾರ್ಡಿಂಗು ಎರಡೂ ನನ್ನ ಹತ್ತಿರವೇ ಇವೆ. ಅಳಿಸಿದೆಯಾ ಎಂದು ಅಮ್ಮ ಕೇಳಿಲ್ಲ, ನಾನು ಹೇಳಿಲ್ಲ.

ಈಗ ಭಾನುವಾರಗಳಂದು ಇಬ್ಬರೂ ಕೂತು ಆ ಎಪ್ಪತ್ತರಲ್ಲಿ ಸಿಕ್ಕಷ್ಟನ್ನು ನೋಡುತ್ತೇವೆ. ಅವಳ ದನಿ ಯಾವುದೆಂದು ನಾನೇ ಗುರುತಿಸಬೇಕು, ಅವಳು ಹೇಳುವುದಿಲ್ಲ. ಮೊದಲ ವಾರ ಏಳು ಕಿರುಚಾಟಗಳಲ್ಲಿ ಎರಡೇ ಸರಿಯಾಯಿತು.

"ನಿನ್ನ ಕಂಪ್ಯೂಟರನ್ನ ಕೇಳು," ಅಂದಳು.

ಮೂರನೇ ವಾರದ ಚಿತ್ರ ಆ ಹನ್ನೊಂದರಲ್ಲಿ ಒಂದು ಎಂಬುದು ನನಗೆ ಹೊಳೆಯುವ ಮುಂಚೆಯೇ ಅಮ್ಮ ಎದ್ದು ಒಳಗೆ ಹೋದಳು. ತೆರೆಯ ಮೇಲೆ ತಾಯಿ ಚಪ್ಪಲಿ ಬಿಟ್ಟು ಕೀಲಿ ತಿರುಗಿಸುತ್ತಿದ್ದಳು. ಸದ್ದನ್ನು ಪೂರ್ತಿ ಇಳಿಸಿದೆ. ಅವಳು ಬಾಯಿ ತೆರೆದಳು, ಮುಚ್ಚಿದಳು.

"ಮುಗೀತಾ?" ಅಡುಗೆಮನೆಯಿಂದ ದನಿ ಬಂತು.

"ಮುಗೀತು."

ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತಳು.

"ಸೌಂಡ್ ಜಾಸ್ತಿ ಮಾಡು," ಅಂದಳು. "ಮುಂದೆ ಮೆಟ್ಟಿಲ ಸೀನು ಬರುತ್ತೆ. ಅದು ನನ್ನದು."